ಫ್ಲೋರೈಡ್ ದ್ರಾವಣವನ್ನು ಗಾಜಿನ ಬಾಟಲಿಯಲ್ಲಿ ಇಡಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಪ್ರಾಜೆಕ್ಟಿಗೆಂದು ಬಾವಿ, ಬೋರ್‌ವೆಲ್, ತುಂಗಾ ನದಿ ಮತ್ತು ಗುಡ್ಡದ ಅಬ್ಬಿ ನೀರು ತಂದು, ಸ್ಪ್ಯಾಡ್ನ್ಸ್ ಎಂಬ ಬಣ್ಣದ್ರವ್ಯದ ಕಿಟ್ ಮತ್ತು ಪುಟ್ಟ ಮೀಟರ್‌ನಿಂದ ಫ್ಲೋರೈಡ್ ಅಳೆಯುತ್ತಿದ್ದಾರೆ. ಜೂನ್‌ನಲ್ಲಿ ಸೋಡಿಯಂ ಫ್ಲೋರೈಡ್‌ನಿಂದ ಮಾಡಿದ, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡಿನ ಸ್ಟ್ಯಾಂಡರ್ಡ್ ದ್ರಾವಣ (ಮೀಟರ್ ಸರಿಯಿದೆಯೇ ನೋಡಲು ಇಟ್ಟುಕೊಳ್ಳುವುದು) ಗಾಜಿನ ಬಾಟಲಿಯಲ್ಲೇ ಉಳಿದಿತ್ತು. ಎರಡು ತಿಂಗಳ ಮೇಲೆ ನೋಡಿದರೆ 0.8 ತೋರಿಸುತ್ತಿದೆ. ಬಾಟಲಿಯ ಒಳಗೆ ಬಿಳಿ ಮಸುಕು ಕಟ್ಟಿದೆ. ಬಾವಿ ನೀರೆಲ್ಲ 0.2ರ ಆಸುಪಾಸು ಬರುತ್ತಿದೆ. ಫ್ಲೋರೈಡ್ ಗಾಜು ತಿಂದಿದೆಯೇ? ನಮ್ಮ ನೀರಿನ ಲೆಕ್ಕ ಕಡಿಮೆ ಬರುವುದೂ ಗಾಜಿನಿಂದಲೇ? ಆ ಬಾಟಲಿ ಮುಟ್ಟಿದರೆ ಅಪಾಯವೇ?

ಉತ್ತರ: ಮೇಡಂ, ಮೊದಲು ಕೊನೆಯ ಪ್ರಶ್ನೆ ಮುಗಿಸುತ್ತೇನೆ. ಅಪಾಯವಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ನೀರೇ ಸಿಗದ ಕಡೆ 1.5ರವರೆಗೂ ಬಿಡುತ್ತದೆ. ನಿಮ್ಮ ಬಾಟಲಿಯಲ್ಲಿ ಇರುವುದು ಅಷ್ಟೇ. ಲ್ಯಾಬಿನ ಬಾಟಲಿಯಿಂದ ಯಾರೂ ಕುಡಿಯಬಾರದು ಅನ್ನುವುದು ಬೇರೆ ಮಾತು. ಕಪಾಟಿನಲ್ಲಿರುವ ಸೋಡಿಯಂ ಫ್ಲೋರೈಡ್ ಪುಡಿ ಮಾತ್ರ ವಿಷವೇ. ಅದಕ್ಕೆ ಬೀಗ ಇರಲಿ.

ಇನ್ನು ಗಾಜಿನ ಮಾತು. ಫ್ಲೋರೈಡ್ ಗಾಜನ್ನು ತಿನ್ನುತ್ತದೆ ಎಂದು ನಾವೆಲ್ಲ ಓದಿಕೊಂಡೇ ಬಂದಿದ್ದೇವೆ. ಪಠ್ಯದಲ್ಲಿ ಒಂದು ಸಾಲು, ಪರೀಕ್ಷೆಯಲ್ಲಿ ಒಂದು ಅಂಕ. ಆದರೆ ಆ ಸಾಲಿನಲ್ಲಿ ಅರ್ಧ ಸಂಗತಿ ಬಿಟ್ಟುಹೋಗಿದೆ. ಗಾಜನ್ನು ತಿನ್ನುವುದು ಹೈಡ್ರೋಫ್ಲೋರಿಕ್ ಆಮ್ಲ. ಫ್ಲೋರೈಡ್ ಅಯಾನು ಒಂದೇ ಇದ್ದರೆ, ಆಮ್ಲ ಜೊತೆಗಿಲ್ಲದಿದ್ದರೆ, ಅದು ಗಾಜಿನ ಮುಂದೆ ಹೆಚ್ಚುಕಡಿಮೆ ಸಾಧುಪ್ರಾಣಿ.

ಮನೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನೀರು ಇಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಅದರಲ್ಲೇ ಹುಳಿ ಸಾರು ಕುದಿಸಿದರೆ ಅಜ್ಜಿ ಬೈಯುತ್ತಾರೆ. ಪಾತ್ರೆ ಅದೇ, ಹುಳಿ ಬಿದ್ದದ್ದಷ್ಟೇ ವ್ಯತ್ಯಾಸ. ಫ್ಲೋರೈಡ್ ಮತ್ತು ಗಾಜಿನ ನಡುವೆಯೂ ಹುಳಿಯೇ ತಕರಾರು ತರುವುದು.

ಯಾಕೆ ಹೀಗೆ ಅಂತ ನೋಡೋಣ. ಗಾಜಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಜಾಲ. ಹೈಡ್ರೋಕ್ಲೋರಿಕ್, ನೈಟ್ರಿಕ್, ಸಲ್ಫ್ಯೂರಿಕ್ ಯಾವ ಆಮ್ಲಕ್ಕೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಸಿಲಿಕಾನ್‌ಗೆ ಫ್ಲೋರಿನ್ ಮೇಲೆ ಆಮ್ಲಜನಕಕ್ಕಿಂತ ಜಾಸ್ತಿ ಒಲವು. ಹೈಡ್ರೋಫ್ಲೋರಿಕ್ ಆಮ್ಲದ ಹೈಡ್ರೋಜನ್ ಜಾಲದ ಆಮ್ಲಜನಕವನ್ನು ಹಿಡಿದು ನೀರಾಗಿಸುತ್ತದೆ, ಫ್ಲೋರಿನ್ ಸಿಲಿಕಾನನ್ನು ಹಿಡಿಯುತ್ತದೆ. ಎರಡು ಕೈಯಲ್ಲೂ ಏಕಕಾಲಕ್ಕೆ ಕಿತ್ತ ಹಾಗೆ. ಕೊನೆಗೆ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲವಾಗಿ ಹಾರುತ್ತದೆ, ಇಲ್ಲವೇ ಹೆಕ್ಸಾಫ್ಲೋರೋಸಿಲಿಸಿಕ್ ಆಮ್ಲವಾಗಿ ನೀರಲ್ಲೇ ಕರಗುತ್ತದೆ. ಹೈಡ್ರೋಜನ್ ಇಲ್ಲದೆ ಬರೀ ಫ್ಲೋರೈಡ್ ಅಯಾನು ಬಂದರೆ ಒಂದು ಕೈ ಖಾಲಿ. ಅದೂ ಅಲ್ಲದೆ ಸಾಧಾರಣ ನೀರಿನ ಪಿಎಚ್‌ನಲ್ಲಿ ಗಾಜಿನ ಮೈ ಋಣ ವಿದ್ಯುದಂಶ ಹೊತ್ತಿರುತ್ತದೆ. ಫ್ಲೋರೈಡ್ ಕೂಡ ಋಣವೇ. ಗಾಜು ಅದನ್ನು ಹತ್ತಿರ ಸೇರಿಸುವುದೂ ಕಷ್ಟ.

ಈಗ ಅಂಕಿ ಹಾಕೋಣ. ಹೈಡ್ರೋಫ್ಲೋರಿಕ್ ಆಮ್ಲ ಹೆಸರಿಗೆ ಭಯಂಕರ, ಆದರೆ ಆಮ್ಲವಾಗಿ ದುರ್ಬಲ. ಅದರ ಪಿಕೆಎ ಸುಮಾರು 3.2. ಅಂದರೆ ಪಿಎಚ್ 3.2ರಲ್ಲಿ ಅರ್ಧ ಫ್ಲೋರೈಡ್ ಆಮ್ಲದ ರೂಪದಲ್ಲಿ, ಇನ್ನರ್ಧ ಅಯಾನಾಗಿ ಇರುತ್ತದೆ. ಪಿಎಚ್ 2ಕ್ಕೆ ಇಳಿಸಿದರೆ ನೂರಕ್ಕೆ 90ಕ್ಕಿಂತ ಜಾಸ್ತಿ ಆಮ್ಲವೇ. ಪಿಎಚ್ 7ರಲ್ಲಿ ಸುಮಾರು 7000ಕ್ಕೆ ಒಂದು ಪಾಲು ಮಾತ್ರ. ನಿಮ್ಮ ಬಾಟಲಿಯಲ್ಲಿ ಇದ್ದದ್ದು ಲೀಟರಿಗೆ 1 ಮಿಲಿಗ್ರಾಂ. ಅದರ 7000ದ ಒಂದು ಪಾಲು ಗಾಜನ್ನು ಏನು ತಾನೇ ತಿಂದೀತು?

ಇನ್ನೂ ಒಂದು ಲೆಕ್ಕ ಇದೆ. ಮಕ್ಕಳಿಗೂ ಮಾಡಿಸಿ, ಖುಷಿಯಾಗುತ್ತದೆ. ಅರ್ಧ ಲೀಟರ್ ಬಾಟಲಿಯಲ್ಲಿ ಇರುವ ಫ್ಲೋರೈಡ್ 0.5 ಮಿಲಿಗ್ರಾಂ. ಒಂದು ಸಿಲಿಕಾನ್‌ಗೆ ಆರು ಫ್ಲೋರೈಡ್ ಬೇಕು. ಅಷ್ಟೂ ಫ್ಲೋರೈಡ್ ಗಾಜಿನ ಮೇಲೆ ಬಿದ್ದು ಮುಗಿಯಿತು ಅಂದುಕೊಳ್ಳಿ. ಕರಗುವ ಸಿಲಿಕಾ 0.26 ಮಿಲಿಗ್ರಾಂ. ಬಾಟಲಿಯ ಒಳಮೈ ಸುಮಾರು 350 ಚದರ ಸೆಂಟಿಮೀಟರ್ ಎಂದು ಹಿಡಿದರೆ, ಸವೆಯುವ ಪದರದ ದಪ್ಪ 3-4 ನ್ಯಾನೋಮೀಟರ್. ತಲೆಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುತ್ತದೆ. ಇಷ್ಟು ಸವೆದದ್ದು ಕಣ್ಣಿಗೆ ಕಾಣುವ ಮಾತೇ ಇಲ್ಲ.

ಹಾಗಾಗಿ ನೀವು ನೋಡಿದ ಬಿಳಿ ಮಸುಕು ಫ್ಲೋರೈಡಿನ ಕೆಲಸ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದು ಅಲ್ವಾ.

ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅಷ್ಟು ಗಾಜು ಹೋದರೆ ಬಾಟಲಿಗೆ ಗೊತ್ತೂ ಆಗುವುದಿಲ್ಲ, ದ್ರಾವಣದ ಫ್ಲೋರೈಡ್ ಮಾತ್ರ ಪೂರ್ತಿ ಖಾಲಿ! ಗಾಜಿನ ಪಾಲಿಗೆ ಏನೂ ಅಲ್ಲದ್ದು ನಿಮ್ಮ ಸ್ಟ್ಯಾಂಡರ್ಡ್ ಪಾಲಿಗೆ ಸರ್ವಸ್ವ. ಲ್ಯಾಬಿನವರು ಫ್ಲೋರೈಡನ್ನು ಪ್ಲಾಸ್ಟಿಕ್ಕಿನಲ್ಲೇ ಇಡಿ ಎಂದು ಹಟ ಹಿಡಿಯುವುದು ಇದಕ್ಕೇ. ಬಾಟಲಿ ತೂತಾದೀತು ಎಂಬ ಭಯ ಅವರಿಗಿಲ್ಲ. ಅಳತೆ ಕೆಡಬಾರದು ಅಷ್ಟೆ.

ಹಾಗಾದರೆ 0.8 ಬಂದದ್ದು ಗಾಜಿನಿಂದಲೇ ಇರಬಹುದಲ್ಲ ಎಂದು ಕೇಳುತ್ತೀರಿ. ತಿಳಿನೀರಿನಲ್ಲಿ, ಆಮ್ಲ ಹಾಕದೆ ಮಾಡಿದ ದ್ರಾವಣವಾದರೆ ನನಗೆ ಹಾಗನ್ನಿಸುವುದಿಲ್ಲ. ಸಾಧಾರಣ ನೀರಿನಲ್ಲಿ ಈ ಕ್ರಿಯೆ ಉಲ್ಟಾ ನಡೆಯುತ್ತದೆ. ಕೆಲವು ದೇಶಗಳಲ್ಲಿ ಹಲ್ಲಿನ ಆರೋಗ್ಯಕ್ಕೆಂದು ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸುತ್ತಾರೆ. ಅದಕ್ಕೆ ಬಳಸುವ ವಸ್ತುಗಳಲ್ಲಿ ಇದೇ ಹೆಕ್ಸಾಫ್ಲೋರೋಸಿಲಿಸಿಕ್ ಆಮ್ಲವೂ ಒಂದು. ನೀರಿಗೆ ಬಿದ್ದ ಮೇಲೆ ಅದು ಒಡೆದು ಒಂದು ಕಡೆ ಸಿಲಿಕಾ, ಇನ್ನೊಂದು ಕಡೆ ಫ್ಲೋರೈಡ್ ಆಗುತ್ತದೆ. ಕಟ್ಟಿಕೊಂಡ ಜೋಡಿಯೇ ಬಿಟ್ಟುಹೋಗುವ ಜಾಗದಲ್ಲಿ ಹೊಸ ಜೋಡಿ ಎಲ್ಲಿಂದ ಕಟ್ಟೀತು?

ಆಮ್ಲ ಬಿದ್ದರೆ ಕಥೆ ಬೇರೆ. ನೀರಿನಲ್ಲಿ ಕಬ್ಬಿಣ, ಸೀಸ ಇತ್ಯಾದಿ ನೋಡುವವರು ಮಾದರಿ ತಂದ ಕೂಡಲೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತಾರೆ. ಲೋಹಕ್ಕೆ ಅದು ಸರಿಯಾದ ಕ್ರಮ. ಅದೇ ಬಾಟಲಿಯ ನೀರಿನಲ್ಲಿ ಫ್ಲೋರೈಡೂ ನೋಡಿಬಿಡೋಣ ಎಂದು ಹೊರಟರೆ ಕೆಟ್ಟಿತು. ಅಲ್ಲಿ ಫ್ಲೋರೈಡೆಲ್ಲ ಆಮ್ಲದ ರೂಪಕ್ಕೆ ಬಂದಿರುತ್ತದೆ, ಬಾಟಲಿ ಗಾಜಿನದಾದರೆ ಕೆಲಸ ಶುರುವಾಗಿರುತ್ತದೆ. ಫ್ಲೋರೈಡಿಗೆ ಬೇರೆ ಪಾಲಿಥೀನ್ ಬಾಟಲಿ, ಆಮ್ಲ ಬೇಡ, ಯಾವ ಸಂರಕ್ಷಕವೂ ಬೇಡ. 28 ದಿನದೊಳಗೆ ಅಳೆದರೆ ಸಾಕು.

ಬೊರೋಸಿಲಿಕೇಟ್ ಗಾಜು ಒಳ್ಳೆಯದು, ಬೆಂಕಿಗೆ ಇಟ್ಟರೂ ಒಡೆಯುವುದಿಲ್ಲ, ಅದರಲ್ಲಿಟ್ಟರೆ ತೊಂದರೆ ಇಲ್ಲ ಎಂದು ಕೆಲವರ ನಂಬಿಕೆ. ಬಿಸಿಗೆ ಅದು ಗಟ್ಟಿಗ, ನಿಜ. ಫ್ಲೋರೈಡಿಗೆ ಅಲ್ಲ. ಅದರಲ್ಲಿ ನೂರಕ್ಕೆ 80ರಷ್ಟು ಸಿಲಿಕಾ, 12-13ರಷ್ಟು ಬೋರಾನ್ ಆಕ್ಸೈಡ್ ಇರುತ್ತದೆ. ಆಮ್ಲದಲ್ಲಿ ಬೋರಾನ್ ಕೂಡ ಫ್ಲೋರೈಡನ್ನು ಹಿಡಿದು ಟೆಟ್ರಾಫ್ಲೋರೋಬೋರೇಟ್ ಆಗುತ್ತದೆ. ಇದು ತುಸು ಕಳ್ಳ. ಫ್ಲೋರೈಡ್ ಅಳೆಯಲು ದ್ರಾವಣಕ್ಕೆ ಅದ್ದುವ ಫ್ಲೋರೈಡ್ ಎಲೆಕ್ಟ್ರೋಡ್ ಮುಕ್ತವಾಗಿರುವ ಫ್ಲೋರೈಡ್ ಅಯಾನನ್ನು ಮಾತ್ರ ನೋಡುತ್ತದೆ. ಬೋರಾನ್ ಮಡಿಲಲ್ಲಿ ಕುಳಿತದ್ದು ಅದಕ್ಕೆ ಕಾಣುವುದೇ ಇಲ್ಲ. ಫ್ಲೋರೈಡ್ ಬಾಟಲಿಯಲ್ಲೇ ಇರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ.

ಎಲೆಕ್ಟ್ರೋಡ್ ಮಾತು ಬಂದದ್ದಕ್ಕೆ ನನ್ನದೊಂದು ಪೆದ್ದುತನ ಹೇಳುತ್ತೇನೆ. ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತು. ಆಮ್ಲ ಹಾಕಿದ, ಸಾಕಷ್ಟು ಗಟ್ಟಿಯಾದ ಫ್ಲೋರೈಡ್ ದ್ರಾವಣ ಮೇಜಿನ ಮೇಲೆ ಇತ್ತು, ಪ್ಲಾಸ್ಟಿಕ್ ಬೀಕರ್‌ನಲ್ಲಿ. ಪಾತ್ರೆಯ ವಿಷಯದಲ್ಲಿ ನಾನು ಜಾಣ. ಪಿಎಚ್ ಎಷ್ಟಿದೆ ನೋಡೋಣ ಎಂದು ಪಿಎಚ್ ಮೀಟರ್‌ನ ಎಲೆಕ್ಟ್ರೋಡ್ ಅದ್ದಿ ಚಹಾಕ್ಕೆ ಹೋದೆ. ಹೊರಗೆ ಜಡಿಮಳೆ, ಚಹಾ ಮುಗಿದರೂ ಮಾತು ಮುಗಿಯಲಿಲ್ಲ. ವಾಪಸ್ ಬಂದು ನೋಡಿದರೆ ಅಂಕಿ ಒಂದೇ ಸಮನೆ ಜಾರುತ್ತಿದೆ. ಪಿಎಚ್ ಬದಲಾಗದ ಬಫರ್ ದ್ರಾವಣದಲ್ಲಿ ಇಟ್ಟೆ, ಅಲ್ಲೂ ನಿಲ್ಲಲಿಲ್ಲ. ಪಿಎಚ್ ಎಲೆಕ್ಟ್ರೋಡಿನ ತುದಿಯ ಗುಳ್ಳೆಯೂ ಗಾಜೇ, ಅದೂ ಈರುಳ್ಳಿ ಸಿಪ್ಪೆಯಂಥ ತೆಳು ಗಾಜು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಎಲೆಕ್ಟ್ರೋಡ್ ಸತ್ತುಹೋಗಿತ್ತು. ಬಾಟಲಿ ಬಗ್ಗೆ ಎಚ್ಚರ ವಹಿಸುವವರು ಕೂಡ ಪಿಪೆಟ್, ಕಲಕುವ ಕಡ್ಡಿ, ಎಲೆಕ್ಟ್ರೋಡ್ ಇವೂ ಗಾಜು ಅನ್ನುವುದನ್ನು ಮರೆಯುತ್ತಾರೆ.

ಫ್ಲೋರೈಡ್ ಎಲೆಕ್ಟ್ರೋಡ್ ಹಾಗಲ್ಲ. ಅದರ ತುದಿಯಲ್ಲಿ ಇರುವುದು ಲ್ಯಾಂಥನಮ್ ಫ್ಲೋರೈಡ್ ಹರಳು. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬಿಬ್ಬರು ಇದನ್ನು ತಂದರು. ಇದರ ಜೊತೆ ಬಳಸುವ ಟಿಸ್ಯಾಬ್ ಬಫರ್ ದ್ರಾವಣವನ್ನು ಪಿಎಚ್ 5ರಿಂದ 5.5ರ ನಡುವೆ ಹಿಡಿದಿಡುತ್ತದೆ. ಆ ಜಾಗದಲ್ಲಿ ಆಮ್ಲದ ರೂಪ ನೂರಕ್ಕೆ ಒಂದರ ಆಸುಪಾಸು. ಹಾಗಾಗಿ ಗಾಜಿನ ಬೀಕರಿನಲ್ಲಿ ಐದು ನಿಮಿಷ ಅಳೆದರೆ ಪ್ರಳಯವೇನೂ ಆಗುವುದಿಲ್ಲ. ಆದರೂ ಪಾಲಿಪ್ರೊಪಿಲೀನ್ ಬೀಕರ್ ಅಗ್ಗಕ್ಕೆ ಸಿಗುವಾಗ ಸುಮ್ನೆ ತಲೆನೋವು ಯಾಕೆ?

ತಮಾಷೆ ಏನೆಂದರೆ, ನಾವು ಹೆದರುವ ಈ ಗುಣವನ್ನೇ ರಸಾಯನಶಾಸ್ತ್ರದವರು ಕೆಲಸಕ್ಕೂ ಹಚ್ಚಿದ್ದಾರೆ. ಮಾದರಿಯಲ್ಲಿ ಅಡ್ಡಿ ಮಾಡುವ ವಸ್ತುಗಳು ಜಾಸ್ತಿ ಇದ್ದರೆ ಫ್ಲೋರೈಡನ್ನು ಮೊದಲು ಬಟ್ಟಿ ಇಳಿಸಬೇಕು. 1933ರಲ್ಲಿ ವಿಲ್ಲಾರ್ಡ್ ಮತ್ತು ವಿಂಟರ್ ಕೊಟ್ಟ ವಿಧಾನದಲ್ಲಿ ಮಾದರಿಗೆ ಪ್ರಬಲ ಆಮ್ಲ ಹಾಕಿ, ಗಾಜಿನ ಫ್ಲಾಸ್ಕಿನಲ್ಲೇ, ಜೊತೆಗೆ ಗಾಜಿನ ಮಣಿಗಳನ್ನೋ ಚೂರುಗಳನ್ನೋ ಬೇಕೆಂದೇ ಹಾಕಿ ಕಾಯಿಸುತ್ತಾರೆ. ಫ್ಲೋರೈಡ್ ಆ ಗಾಜನ್ನು ತಿಂದು ಸಿಲಿಕಾನ್ ಜೊತೆಗೂಡಿ ಆವಿಯಾಗಿ ಮೇಲೇಳುತ್ತದೆ. ಆಚೆ ನೀರಿನಲ್ಲಿ ಹಿಡಿದುಕೊಂಡರೆ ಮತ್ತೆ ಫ್ಲೋರೈಡ್ ಸಿಗುತ್ತದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಿದ್ದರೂ ಲೆಕ್ಕ ಸರಿಯಾಗಿ ಬರುತ್ತದೆ.

ಈಗ ನಿಮ್ಮ ಬಿಳಿ ಮಸುಕು. ಇದಕ್ಕೆ ಹಳೆಯ ಒಂದು ನೆನಪು ಹೊಂದುತ್ತದೆ. 1771ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ಗಾಜಿನ ಪಾತ್ರೆಯಲ್ಲಿ ಫ್ಲೋರ್‌ಸ್ಪಾರ್ ಕಲ್ಲಿನ ಪುಡಿಯನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಕಾಯಿಸಿದ. ಪಾತ್ರೆ ಸವೆಯಿತು, ಆವಿ ಹಿಡಿಯಲು ಇಟ್ಟ ನೀರಿನ ಮೇಲೆ ಬಿಳಿ ಪೊರೆ ಕಟ್ಟಿತು. ಆ ಬಿಳಿ ವಸ್ತು ಸಿಲಿಕಾ, ಅದು ಬಂದದ್ದು ಪಾತ್ರೆಯ ಗಾಜಿನಿಂದಲೇ ಎಂಬುದು ಆಮೇಲೆ ಸ್ಪಷ್ಟವಾಯಿತು. ನಿಮ್ಮದು ಆ ಜಾತಿಯ ಬಿಳುಪಲ್ಲ. ಪರೀಕ್ಷೆ ಸುಲಭ. ಮೊದಲು ಬಾಟಲಿಯ ಫ್ಲೋರೈಡ್ ದ್ರಾವಣ ಚೆಲ್ಲಿ, ಮೂರು ನಾಲ್ಕು ಸಲ ನೀರಲ್ಲಿ ತೊಳೆಯಿರಿ. ಆಮೇಲೆ ಮಸುಕಿನ ಮೇಲೆ ಸ್ವಲ್ಪ ವಿನೆಗರ್ ಅಥವಾ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಸಣ್ಣ ಗುಳ್ಳೆ ಎದ್ದು ಗಾಜು ತಿಳಿಯಾದರೆ ಅದು ಸುಣ್ಣದ ಪೊರೆ. ನಿಜವಾಗಿ ತಿಂದ ಗಾಜು ಯಾವ ಆಮ್ಲಕ್ಕೂ ತಿಳಿಯಾಗುವುದಿಲ್ಲ, ಉಗುರಿನಲ್ಲಿ ಗೀರಿದರೆ ನವಿರಾದ ಮರಳುಕಾಗದದ ಹಾಗೆ ತರಿತರಿ ತಾಗುತ್ತದೆ. ನನ್ನ ಊಹೆ ಕೇಳಿದರೆ, ಅದು ಹಿಂದೊಮ್ಮೆ ಸುಣ್ಣದ ತಿಳಿನೀರು ಇಟ್ಟಿದ್ದ ಬಾಟಲಿ. ಕಾಲೇಜು ಲ್ಯಾಬುಗಳಲ್ಲಿ ಬಾಟಲಿ ಕೈ ಬದಲಾಗುವುದು ಹೊಸದೇನಲ್ಲ.

0.8ಕ್ಕೆ ನಾನು ಅನುಮಾನಿಸುವುದು ಬೇರೆಯವರನ್ನು. ನಿಮ್ಮ ಕಿಟ್‌ನ ಕೆಂಪು ಬಣ್ಣ ಜಿರ್ಕೋನಿಯಂ ಮತ್ತು ಬಣ್ಣದ್ರವ್ಯ ಸೇರಿ ಆದದ್ದು. ಫ್ಲೋರೈಡ್ ಬಂದು ಜಿರ್ಕೋನಿಯಂ ಕಿತ್ತುಕೊಂಡಷ್ಟೂ ಕೆಂಪು ಮಾಸುತ್ತದೆ. ಮಧ್ಯೆ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ತಾನೇ ಹಿಡಿದುಕೊಳ್ಳುತ್ತದೆ. ಬಣ್ಣ ಮಾಸುವುದಿಲ್ಲ, ಮೀಟರ್ ಕಡಿಮೆ ತೋರಿಸುತ್ತದೆ. ಸ್ಟ್ಯಾಂಡರ್ಡ್ ಮಾಡುವಾಗ ಡಿಸ್ಟಿಲ್ಡ್ ವಾಟರ್ ಮುಗಿದು ನಲ್ಲಿ ನೀರು ಸೇರಿಸಿದ್ದರೇ? ಕೇಳಿ ನೋಡಿ. ನದಿ ನೀರನ್ನು ಪಟಿಕ, ಅಂದರೆ ಆಲಂ ಹಾಕಿ ತಿಳಿಗೊಳಿಸುತ್ತಾರೆ. ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಪಟಿಕವೂ ಜಾಸ್ತಿ ಬೇಕು. ಆಲಂ ಅಂದರೆ ಅಲ್ಯೂಮಿನಿಯಂ.

ಎರಡನೆಯ ಅನುಮಾನ ಕಿಟ್‌ನ ರೀಏಜೆಂಟ್ ಅಳತೆ. ಅದು ಒಂದೆರಡು ಹನಿ ಜಾಸ್ತಿ ಬಿದ್ದರೂ ಕೆಂಪು ಏರುತ್ತದೆ, ಫ್ಲೋರೈಡ್ ಇಳಿಯುತ್ತದೆ. ಮೂರನೆಯದು ಉಷ್ಣತೆ. ಬ್ಲ್ಯಾಂಕ್ (ಹೋಲಿಕೆಗೆ ಇಡುವ, ಫ್ಲೋರೈಡ್ ಇಲ್ಲದ ನೀರು) ಒಂದು ಬಿಸಿ, ಸ್ಟ್ಯಾಂಡರ್ಡ್ ಒಂದು ಬಿಸಿ ಇದ್ದರೆ ಬಣ್ಣ ಹೊಂದುವುದಿಲ್ಲ. ಎಲ್ಲ ಬಾಟಲಿಗಳೂ ಒಂದು ಗಂಟೆ ಒಂದೇ ಮೇಜಿನ ಮೇಲೆ ಕುಳಿತಿರಲಿ. ಇನ್ನು ನಮ್ಮ ಕಡೆ ಜೂನ್‌ನ ತೇವ ಗೊತ್ತೇ ಇದೆ, ಉಪ್ಪಿನ ಡಬ್ಬಿಯೂ ನೀರು ಬಿಡುತ್ತದೆ. ಸೋಡಿಯಂ ಫ್ಲೋರೈಡನ್ನು ಲ್ಯಾಬಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಣಗಿಸದೆ ತೂಗಿದ್ದರೆ ತೂಕದಲ್ಲಿ ನೀರೂ ಸೇರಿರುತ್ತದೆ. ಆದರೆ ಒಣಗಿಸದ ಪುಡಿಯೊಂದೇ ಐದನೇ ಒಂದು ಪಾಲು ಕಡಿಮೆ ಮಾಡುವುದು ಅನುಮಾನ. ನನ್ನ ಕಣ್ಣು ಅಲ್ಯೂಮಿನಿಯಂ ಮೇಲೆಯೇ.

ಬಾವಿ ನೀರಿನ 0.2ಕ್ಕೂ ಗಾಜಿಗೂ ಸಂಬಂಧ ಹಚ್ಚಬೇಕಿಲ್ಲ. ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕುಳಿತು, ಕ್ಷಾರವಾಗಿ, ಕ್ಯಾಲ್ಸಿಯಂ ಕಳೆದುಕೊಂಡ ಕಡೆ ಫ್ಲೋರೈಡ್ ಏರುತ್ತದೆ. ಪಾವಗಡ, ಕೋಲಾರ, ಕೊಪ್ಪಳ, ರಾಯಚೂರಿನ ಬೋರ್‌ವೆಲ್‌ಗಳ ಪಾಡು ಅದು. ನಮ್ಮಲ್ಲಿ ಮಳೆ ಸುರಿಯುತ್ತದೆ, ಜಂಬಿಟ್ಟಿಗೆ ನೆಲದಲ್ಲಿ ಇಳಿಯುತ್ತದೆ, ಹೊಳೆಗೆ ಓಡುತ್ತದೆ. ಕಲ್ಲಿನ ಜೊತೆ ಹರಟೆ ಹೊಡೆಯಲು ನೀರಿಗೆ ಪುರಸೊತ್ತಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಅಂದವರ ಬಳಿ ಮೀಟರ್ ಇರಲಿಲ್ಲ, ನಾಲಿಗೆ ಇತ್ತು. ತೆರೆದ ಬಾವಿಯಲ್ಲಿ 0.2 ಬಂದರೆ ನನಗೆ ಆಶ್ಚರ್ಯವಿಲ್ಲ. ಆಳದ ಬೋರ್‌ವೆಲ್‌ಗಳನ್ನು ಮಾತ್ರ ಒಂದೊಂದಾಗಿ ನೋಡಿ. ಹಾಗೆಯೇ ಕದಡಿದ ಕೆಂಪು ನೀರನ್ನು ಸೋಸದೆ ಕಿಟ್‌ಗೆ ಹಾಕಬೇಡಿ. ಮಣ್ಣಿನ ಬಣ್ಣವೇ ಮೀಟರನ್ನು ದಾರಿ ತಪ್ಪಿಸುತ್ತದೆ.

ಮುಂದೆ ಹೀಗೆ ಮಾಡಿ. ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಇದು ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡಿನ ಸ್ಟಾಕ್. ಅಳತೆಗೆ ಗಾಜಿನ ವಾಲ್ಯೂಮೆಟ್ರಿಕ್ ಫ್ಲಾಸ್ಕ್ ಬಳಸಿದರೆ ಪರವಾಗಿಲ್ಲ, ಆ ಹತ್ತು ನಿಮಿಷದಲ್ಲಿ ಏನೂ ಆಗುವುದಿಲ್ಲ. ಆದರೆ ಅಲ್ಲೇ ಬಿಟ್ಟು ಮನೆಗೆ ಹೋಗಬೇಡಿ, ಕೂಡಲೇ ಪಾಲಿಥೀನ್ ಬಾಟಲಿಗೆ ಸುರಿಯಿರಿ. ಸ್ಟಾಕ್‌ನ 10 ಮಿಲಿಲೀಟರ್ ತೆಗೆದು ಒಂದು ಲೀಟರ್ ಮಾಡಿದರೆ 1 ಮಿಲಿಗ್ರಾಂ ಸ್ಟ್ಯಾಂಡರ್ಡ್. ಅದರ ಅರ್ಧ ಪ್ಲಾಸ್ಟಿಕ್ಕಿನಲ್ಲಿ, ಅರ್ಧ ಗಾಜಿನಲ್ಲಿ ಇಡಿ. ಇವತ್ತು ಒಮ್ಮೆ, ತಿಂಗಳ ಮೇಲೆ ಒಮ್ಮೆ ಎರಡನ್ನೂ ಒಟ್ಟಿಗೆ ಅಳೆಯಿರಿ. ನನ್ನ ಮಾತು ನಂಬುವುದಕ್ಕಿಂತ ಅದು ಒಳ್ಳೆಯದು, ಮಕ್ಕಳ ಪ್ರಾಜೆಕ್ಟಿಗೆ ಇನ್ನೊಂದು ಅಧ್ಯಾಯವೂ ಆಯಿತು.

ಪಾತ್ರೆ ಆರಿಸುವ ಪಾಠ ಅಡಿಕೆ ಬೆಳೆಗಾರರ ಮನೆ ಮಕ್ಕಳಿಗೆ ಹೊಸದೂ ಅಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಬಕೆಟ್‌ನಲ್ಲಿ ಯಾಕೆ ಕರಗಿಸುವುದಿಲ್ಲ ಎಂದು ಕೇಳಿ, ಹಿಂದಿನ ಬೆಂಚಿನವರೂ ಉತ್ತರ ಹೇಳುತ್ತಾರೆ.

ಒಂದು ಮಾತ್ರ ತರಗತಿಯಲ್ಲಿ ಬೇಡವೇ ಬೇಡ. ಗಾಜಿಗೆ ಮೇಣ ಹಚ್ಚಿ, ಹೆಸರು ಗೀಚಿ, ಫ್ಲೋರೈಡ್ ಪುಡಿಗೆ ಗಟ್ಟಿ ಆಮ್ಲ ಸುರಿದು ಗಾಜು ಕೊರೆಯುವ ಹಳೆಯ ಪ್ರಯೋಗ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದ ಕೂಡಲೇ ಉರಿಯದೆಯೂ ಇರಬಹುದು. ಗಂಟೆಗಳ ಮೇಲೆ ನೋವು ಶುರುವಾಗುವಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದಿರುತ್ತದೆ. ಅದಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಯಳತೆಯಲ್ಲಿ ಇಲ್ಲದ ಲ್ಯಾಬಿನಲ್ಲಿ ಆ ಆಮ್ಲದ ಹೆಸರೂ ಎತ್ತಬಾರದು. ಬಟ್ಟೆಯ ತುಕ್ಕಿನ ಕಲೆ ತೆಗೆಯುವ ಕೆಲವು ದ್ರವಗಳಲ್ಲೂ ಇದೇ ಬಳಗದ ವಸ್ತು ಇರುತ್ತದೆ, ಚೀಟಿ ಓದಿ ಕೊಳ್ಳಿ.

ವರದಿ ಬರೆಯುವಾಗ ಮಕ್ಕಳು ಒಂದು ಜಾಣತನ ಮಾಡಲು ನೋಡುತ್ತಾರೆ. ಸ್ಟ್ಯಾಂಡರ್ಡ್ 1ಕ್ಕೆ 0.8 ತೋರಿಸಿತು, ಹಾಗಾಗಿ ಎಲ್ಲ ಬಾವಿಯ ಲೆಕ್ಕವನ್ನೂ 1.25ರಿಂದ ಗುಣಿಸೋಣ ಎನ್ನುತ್ತಾರೆ. ಬಿಡಬೇಡಿ. ಕೆಟ್ಟದ್ದು ಸ್ಟ್ಯಾಂಡರ್ಡೋ ಮೀಟರೋ ಗೊತ್ತಿಲ್ಲದೆ ಗುಣಿಸಿದರೆ ಒಂದು ತಪ್ಪು ಹತ್ತು ಬಾವಿಗೆ ಹಂಚಿದ ಹಾಗೆ. ಹೊಸ ಸ್ಟ್ಯಾಂಡರ್ಡ್ ಸರಿ ತೋರಿಸಿದ ಮೇಲೆ ನೀರು ಮತ್ತೆ ತಂದು ಅಳೆಯಿರಿ, ಈ ಸಲ ಪ್ಲಾಸ್ಟಿಕ್ ಬಾಟಲಿಯಲ್ಲಿ. ಮಳೆ ಇಳಿಯುವ ತನಕ ಮಾತ್ರ ಹೊಳೆ ನೀರಿಗೆ ಮಕ್ಕಳನ್ನು ಕಳಿಸಬೇಡಿ, ತುಂಗೆ ಈಗ ತುಂಬಿ ಹರಿಯುತ್ತಿದ್ದಾಳೆ.